ವೈವಾ ಮುಗಿಯಿತು, ಕೆಲವರಿಗೆ ಥ್ಯಾಂಕ್ಸ್ ಹೇಳೋದಿದೆ

ಮೊನ್ನೆ ಶುಕ್ರವಾರ ನನ್ನ ಪಿಎಚ್‌ಡಿ ವೈವಾ ಆಯಿತು. ಆರು ವರ್ಷ ಹಿಡಿಯಿತು. ಫೋನ್ ಮಾಡಿದರೆ ಅಮ್ಮ "ಮುಗೀತಾ? ಇನ್ನಾದ್ರೂ ಹೊತ್ತಿಗೆ ಸರಿಯಾಗಿ ಊಟ ಮಾಡು" ಅಂದರು, ಅಷ್ಟೇ.

ನಾನು ಮಾಡೋದು ಏನು ಅಂತ ಸುಮಾರು ಜನ ಕೇಳಿದ್ದೀರಿ. ಗದ್ದಲ ಇರುವ ಚಾನೆಲ್‌ನಲ್ಲಿ, ಅಂದರೆ ಸಂದೇಶ ಸಾಗುವ ದಾರಿಯಲ್ಲಿ, ಎಷ್ಟು ಮಾಹಿತಿ ಕೆಡದೆ ದಾಟುತ್ತದೆ ಅನ್ನೋ ಲೆಕ್ಕ. ಮಾಮೂಲಿ ಬಿಟ್‌ಗಳಿಗೆ ಗಣಿತಜ್ಞ ಕ್ಲಾಡ್ ಶಾನನ್ 1948ರಲ್ಲೇ ಸೂತ್ರ ಕೊಟ್ಟರು, ಚಾನೆಲನ್ನು ಒಂದು ಸಲ ಬಳಸಿದಾಗಿನ ಲೆಕ್ಕ ಗೊತ್ತಿದ್ದರೆ ಸಾಕು. ಕ್ಯೂಬಿಟ್‌ಗಳು, ಅಂದರೆ ಕ್ವಾಂಟಮ್ ಬಿಟ್‌ಗಳು, ಅಷ್ಟು ಸುಲಭಕ್ಕೆ ಬಗ್ಗಲ್ಲ. 2008ರಲ್ಲಿ ಗ್ರೇಮ್ ಸ್ಮಿತ್ ಮತ್ತು ಜಾನ್ ಯಾರ್ಡ್ ತೋರಿಸಿದ್ದು ನೋಡಿ: ಬೇರೆ ಬೇರೆಯಾಗಿ ಬಳಸಿದರೆ ಸಾಮರ್ಥ್ಯ ಸೊನ್ನೆ ಇರುವ, ಅಂದರೆ ಕ್ಯೂಬಿಟ್‌ಗಳನ್ನು ಕೆಡದೆ ದಾಟಿಸಲಾಗದ, ಎರಡು ಚಾನೆಲ್‌ಗಳು, ಜೊತೆಗಿಟ್ಟರೆ ಕ್ಯೂಬಿಟ್‌ಗಳನ್ನು ದಾಟಿಸುತ್ತವೆ! ಇದನ್ನು ಹೇಳಿದಾಗ ಅಪ್ಪ, "ಅಂಗಡಿ ಲೆಕ್ಕದಲ್ಲಿ ಹೀಗೆ ಬಂದ್ರೆ ಯಾರಿಗೋ ಚಿಲ್ಲರೆ ಕೊಟ್ಟಿಲ್ಲ ಅಂತ ಅರ್ಥ" ಅಂದರು.

ಅಂದರೆ ಕ್ಯೂಬಿಟ್‌ಗಳಲ್ಲಿ ಒಂದು ಸಲದ ಲೆಕ್ಕವನ್ನು ಸುಮ್ನೆ ಕೂಡಿಸೋಕೆ, ಗುಣಿಸೋಕೆ ಬರಲ್ಲ. ಇಷ್ಟೆಲ್ಲ ಓದಿಕೊಂಡವಳು ನಾನೇ ಆ ಗುಂಡಿಗೆ ಬಿದ್ದೆ. ನಾಲ್ಕನೇ ವರ್ಷ ಪೇಪರ್ ಕಳಿಸಲು ಎರಡು ದಿನ ಇತ್ತು. ಲ್ಯಾಬಿನ ತಂಗಿಗೆ ಸುಮ್ನೆ ಅಕ್ಷರ ತಪ್ಪು ನೋಡು ಅಂತ ಪ್ರಿಂಟ್ ಕೊಟ್ಟಿದ್ದೆ. ವಾಪಸ್ ಬಂದಾಗ ಮೂರನೇ ಲೆಮ್ಮಾದ (ದೊಡ್ಡ ಪ್ರಮೇಯಕ್ಕೆ ಮೆಟ್ಟಿಲಾಗುವ ಸಣ್ಣ ಪ್ರಮೇಯ) ಪಕ್ಕ ಪೆನ್ಸಿಲ್‌ನಲ್ಲಿ ಸಣ್ಣಗೆ, "ಅಕ್ಕಾ, ಈ 2 ಎಲ್ಲಿಂದ ಬಂತು?" ಚಾನೆಲನ್ನು ಎರಡು ಸಲ ಬಳಸಿದ್ದಕ್ಕೆ ಒಂದು ಸಲದ ಲೆಕ್ಕವನ್ನು ಎರಡರಿಂದ ಗುಣಿಸಿಬಿಟ್ಟಿದ್ದೆ. ಡಿಗ್ರೇಡಬಲ್ ಚಾನೆಲ್ (ಹೊರಗೆ ಸೋರಿದ್ದನ್ನು ಪಡೆದವರೇ ತಮ್ಮ ಕೈಗೆ ಬಂದದ್ದರಿಂದ ಮತ್ತೆ ತಯಾರಿಸಬಹುದಾದದ್ದು) ಆದರೆ ಹಾಗೆ ಗುಣಿಸಬಹುದು, ಡೆವೆಟಾಕ್ ಮತ್ತು ಶೋರ್ 2005ರಲ್ಲೇ ತೋರಿಸಿದ್ದಾರೆ. ನನ್ನದು ಗದ್ದಲ ಸ್ವಲ್ಪ ಏರಿದರೆ ಡಿಗ್ರೇಡಬಲ್ ಆಗಿ ಉಳಿಯುತ್ತಲೇ ಇರಲಿಲ್ಲ.

ಆ ರಾತ್ರಿ ಟಾಯ್ಲೆಟ್ಟಿನಲ್ಲಿ ಕೂತು ಅತ್ತಿದ್ದೇನೆ, ಈಗ ಹೇಳಲು ನಾಚಿಕೆ ಇಲ್ಲ. ಬೆಳಿಗ್ಗೆ ನಮ್ಮ ಗೈಡ್ ಬೈಯಲಿಲ್ಲ. ಹಾಳೆ ನೋಡಿ, ಸೀಮೆಸುಣ್ಣ ತಗೊಂಡು, "ಎಲ್ಲಿವರೆಗೆ ಮುರಿದಿದೆ ಅಂತ ಮೊದ್ಲು ನೋಡೋಣಮ್ಮಾ" ಅಂದರು. ಐದು ತಿಂಗಳು ಪ್ರತಿ ಮಂಗಳವಾರ ಅದೇ ಬೋರ್ಡು. ಕೊನೆಗೆ ನಿಖರ ಉತ್ತರ ಸಿಗಲಿಲ್ಲ, ಇದಕ್ಕಿಂತ ಜಾಸ್ತಿ ಆಗಲ್ಲ ಅನ್ನೋ ಗೆರೆ ಸಿಕ್ಕಿತು. ಥೀಸಿಸ್ ನಿಂತಿರೋದು ಆ ಗೆರೆಯ ಮೇಲೆ. ಸರ್, ಥ್ಯಾಂಕ್ಯೂ. ತಂಗೀ, ನಿನಗೆ ಇನ್ನೂ ಜಾಸ್ತಿ.

ಲೇಟಾಗಿ ಬಂದರೂ ಒಂದು ತಟ್ಟೆ ಅನ್ನ ಸಾರು ಮುಚ್ಚಿಟ್ಟಿರುತ್ತಿದ್ದ ಮೆಸ್ಸಿನ ಅಣ್ಣನಿಗೂ, ಮದುವೆ ಯಾವಾಗ ಅಂತ ಕೇಳೋ ನೆಂಟರನ್ನು ಆರು ವರ್ಷ ತಾನೇ ಸಂಭಾಳಿಸಿದ ನನ್ನ ಅಕ್ಕನಿಗೂ ಥ್ಯಾಂಕ್ಸ್.

ನಾಳೆ ನಾಲ್ಕು ಗಂಟೆಗೆ ಕ್ಯಾಂಟೀನಿನಲ್ಲಿ ಮೈಸೂರು ಪಾಕ್ ಇದೆ, ಎಲ್ಲರೂ ಬನ್ನಿ. ಮೆಸ್ಸಿನ ಅಣ್ಣನ ಡಬ್ಬಿ ಬೇರೆ ಎತ್ತಿಟ್ಟಿದ್ದೇನೆ, ಅದಕ್ಕೆ ಯಾರೂ ಕೈ ಹಾಕಬೇಡಿ.