ಫಾರ್ಮ್ ತುಂಬುವ ಮೊದಲು ನೋಡಲು ಬಿಡಿ

ಮಾನ್ಯರೇ,

ನಾನು ಹಾಸನದಲ್ಲಿ ದ್ವಿತೀಯ ಪಿಯು ಓದುತ್ತಿದ್ದೇನೆ, ಪಿಸಿಎಂಬಿ. ಕಳೆದ ಏಪ್ರಿಲ್ ರಜೆಯಲ್ಲಿ ಎಂಟು ಸಂಜೆ ಒಬ್ಬ ದಂತವೈದ್ಯೆಯ ಕ್ಲಿನಿಕ್ಕಿನಲ್ಲಿ, ಮೂಲೆಯ ಸ್ಟೂಲಿನ ಮೇಲೆ ಕೂತು ಅವರ ಕೆಲಸ ನೋಡಿದೆ. ಏನನ್ನೂ ಮುಟ್ಟಲಿಲ್ಲ, ಸುಮ್ನೆ ನೋಡಿದೆ.

ಆ ಸ್ಟೂಲು ಸಿಗುವಷ್ಟರಲ್ಲಿ ಸಾಕಾಯಿತು. ಕ್ಲಿನಿಕ್ಕಿನಲ್ಲಿ ಕೂತು ನೋಡಲು ಬಿಡಿ ಎಂದು ಬರೆದುಕೊಡುವಂತೆ ಕಾಲೇಜಿನಲ್ಲಿ ಒಂದು ಪತ್ರ ಕೇಳಿದೆ. 'ಇದಕ್ಕೆಲ್ಲ ಸುತ್ತೋಲೆ ಇಲ್ಲಮ್ಮ, ನೀಟ್‌ಗೆ ಓದ್ಕೋ ಹೋಗು' ಅಂದರು. ಎರಡು ಕ್ಲಿನಿಕ್‌ಗಳಲ್ಲಿ ಪೇಷಂಟುಗಳು ಒಪ್ಪುವುದಿಲ್ಲ ಎಂದರು. ಕೊನೆಗೆ ಅಮ್ಮ ಹಲ್ಲು ತೋರಿಸುವ ಮೇಡಂ ಒಪ್ಪಿದರು. ಕೂದಲು ಕಟ್ಟಿರಬೇಕು, ಮಾಸ್ಕ್ ಇರಬೇಕು, ಫೋನು ಬ್ಯಾಗಿನಲ್ಲೇ, ಇಲ್ಲಿ ಯಾರು ಬಂದರು ಅಂತ ಹೊರಗೆ ಹೇಳುವಂತಿಲ್ಲ. (ಈಗ ಬರೆಯುತ್ತಿರುವುದನ್ನೂ ಅವರಿಗೆ ತೋರಿಸಿಯೇ ಕಳಿಸುತ್ತಿದ್ದೇನೆ.) ಕುರ್ಚಿಗೆ ಬಂದ ಪ್ರತಿಯೊಬ್ಬರನ್ನೂ ಮೇಡಂ ಮೊದಲು 'ಈ ಹುಡುಗಿ ನೋಡ್ಬಹುದಾ?' ಎಂದು ಕೇಳುತ್ತಿದ್ದರು. ಬೇಡ ಎಂದವರು ಇಬ್ಬರೇ. ಆಗ ನಾನು ಹೊರಗಿನ ಬೆಂಚಿಗೆ ಹೋಗಿ ಕೂತೆ.

ಮೊದಲ ಎರಡು ಸಂಜೆ ಬಾಯಿಯೊಳಗೆ ಇಣುಕುವ ಭಾಗ್ಯವೇ ಇರಲಿಲ್ಲ. ಸಹಾಯಕಿ ಅಕ್ಕ ಉಪಕರಣ ತೊಳೆದು, ಒಣಗಿಸಿ, ಕವರಿಗೆ ಹಾಕಿ ಆಟೋಕ್ಲೇವ್‌ಗೆ ಇಡುವುದನ್ನು ನೋಡಿದ್ದೇ ಆಯಿತು. ಆಟೋಕ್ಲೇವ್ ಅಂದರೆ ಕುಕ್ಕರಿನ ದೊಡ್ಡಣ್ಣ ಅಂದುಕೊಳ್ಳಿ: ಒತ್ತಡದ ಹಬೆ, 121 ಡಿಗ್ರಿ, ಕಡಿಮೆ ಅಂದರೂ 15 ನಿಮಿಷ. ಕವರಿನ ಮೇಲಿನ ಗುರುತಿನ ಬಣ್ಣ ಬದಲಾಗದಿದ್ದರೆ ಎಲ್ಲ ಮೊದಲಿಂದ.

ಮೂರನೇ ದಿನ ಎಂಟು ವರ್ಷದ ಹುಡುಗನೊಬ್ಬ ಬಂದ. ಕೆಳಗಿನ ದವಡೆ ಹಲ್ಲು ಅರ್ಧ ಕಪ್ಪಾಗಿತ್ತು. 'ಹಾಲು ಹಲ್ಲು ಅಲ್ವಾ ಡಾಕ್ಟ್ರೇ, ಬಿದ್ದು ಬೇರೆ ಬರುತ್ತೆ ಬಿಡಿ' ಅಂದರು ಅವರಮ್ಮ. ಮೇಡಂ ಕನ್ನಡಿ ಹಿಡಿದು ತೋರಿಸಿದರು. ಆ ಹಲ್ಲು ಆರು ವರ್ಷದ ಹೊತ್ತಿಗೆ ಹಾಲು ಹಲ್ಲುಗಳ ಹಿಂದೆ ಹೊಸದಾಗಿ ಬರುತ್ತದೆ. ಅದಕ್ಕಾಗಿ ಯಾವ ಹಲ್ಲೂ ಬೀಳುವುದಿಲ್ಲ, ಹಾಗಾಗಿ ಬಂದದ್ದೇ ಯಾರಿಗೂ ಗೊತ್ತಾಗುವುದಿಲ್ಲ. ಕಿತ್ತರೆ ಇನ್ನೊಂದು ಹುಟ್ಟುವುದಿಲ್ಲ. ಆ ತಾಯಿ ಮಾತೇ ಆಡಲಿಲ್ಲ. ಹಾಲು ಹಲ್ಲು 20, ದೊಡ್ಡವರ ಹಲ್ಲು 32 ಎಂದು ನಾನೂ ಪರೀಕ್ಷೆಗೆ ಬಾಯಿಪಾಠ ಮಾಡಿದವಳೇ. ಇದು ನನಗೂ ಹೊಳೆದಿರಲಿಲ್ಲ. ಅವತ್ತು ರಾತ್ರಿ ಏಳು ವರ್ಷದ ತಮ್ಮನ ಬಾಯಿಗೆ ಟಾರ್ಚ್ ಬಿಟ್ಟು ಎಣಿಸಿದೆ. ಅವನು ಬೆರಳು ಕಚ್ಚಿದ.

ಇನ್ನೊಂದು ದಿನ ಅಡಿಕೆ ತೋಟದ ಹಿರಿಯರೊಬ್ಬರು ಬಂದಿದ್ದರು. 'ಮೂರು ಬೆರಳು ಒಂದರ ಮೇಲೊಂದು ಇಟ್ಟು ಬಾಯೊಳಗೆ ಹಾಕಿ ಯಜಮಾನ್ರೇ' ಎಂದರು ಮೇಡಂ. ಎರಡು ಹೋಗುವುದೇ ಕಷ್ಟವಾಯಿತು. ಅಡಿಕೆ ಅಗಿದೂ ಅಗಿದೂ ಕೆನ್ನೆಯ ಒಳಭಾಗ ನಾರಿನಂತೆ ಗಟ್ಟಿಯಾಗಿತ್ತು. ಮುಂದೆ ಕ್ಯಾನ್ಸರಿಗೂ ತಿರುಗಬಹುದು ಎಂದಾಗ ಅವರು, 'ಸ್ವಂತ ತೋಟದ್ದು ಕಣಮ್ಮ, ಅಂಗಡಿದಲ್ಲ' ಎಂದರು. ಮೇಡಂ ನಗಲಿಲ್ಲ. ಹಲ್ಲಿನ ಕೆಲಸ ಬದಿಗಿಟ್ಟು ಅರ್ಧ ಗಂಟೆ ಮಾತಾಡಿದರು. ಹೊರಗೆ ನಾಲ್ಕು ಜನ ಕಾಯುತ್ತಿದ್ದರು. ಎಂಟು ಗಂಟೆಗೆ ಬಾಗಿಲು ಹಾಕುವಾಗ ಮೇಡಂ ಕೈ ಸೊಂಟದ ಮೇಲಿತ್ತು.

ದಂತವೈದ್ಯರಾಗಲು ಓದುವ ಬಿಡಿಎಸ್ ಪದವಿ ಅಂದರೆ ನಾಲ್ಕು ವರ್ಷ ಓದು, ಒಂದು ವರ್ಷ ಇಂಟರ್ನ್‌ಶಿಪ್. ಸೀಟು ಸಿಗುವುದು ನೀಟ್ ರ‍್ಯಾಂಕಿನ ಮೇಲೆ. ಅಮೆರಿಕದಲ್ಲಿ ಡೆಂಟಲ್ ಕಾಲೇಜಿಗೆ ಅರ್ಜಿ ಹಾಕುವವರು ವೈದ್ಯರ ಪಕ್ಕದಲ್ಲಿ ಎಷ್ಟು ಗಂಟೆ ನಿಂತು ನೋಡಿದೆ ಎಂದು ಬರೆಯುತ್ತಾರೆ. ನಮಗೆ ಆ ಲೆಕ್ಕ ಬೇಡ, ಅಂಕವೂ ಬೇಡ. ಹಾಗೆ ಮಾಡಿದರೆ ಸುಳ್ಳು ಸರ್ಟಿಫಿಕೇಟು ಶುರುವಾಗುತ್ತದೆ ಅಷ್ಟೇ. ಆದರೆ ಐದು ವರ್ಷ ಒಪ್ಪಿಸುವ ಮೊದಲು ಐದು ಸಂಜೆ ನೋಡಲು ದಾರಿ ಬೇಕಲ್ವಾ? ನನಗೆ ಅಮ್ಮನ ಪರಿಚಯವಿತ್ತು. ಆಲೂರಿನ ಕಡೆಯಿಂದ ಬಂದು ಹಾಸ್ಟೆಲಿನಲ್ಲಿರುವ ನನ್ನ ಗೆಳತಿಗೆ ಯಾರಿದ್ದಾರೆ? ಪಿಯು ಇಲಾಖೆ ಒಂದು ಪುಟದ ಮಾದರಿ ಪತ್ರ ಕೊಡಲಿ, ಪ್ರಾಂಶುಪಾಲರು ಸಹಿ ಹಾಕಲಿ. ರಜೆಯಲ್ಲಿ ಒಬ್ಬೊಬ್ಬರನ್ನು ಕೂರಿಸಿಕೊಳ್ಳಲು ಒಪ್ಪುವ ವೈದ್ಯರು ಊರಲ್ಲಿ ಖಂಡಿತ ಇದ್ದಾರೆ.

ದಸರಾ ರಜೆಗೆ ಆ ಗೆಳತಿಯನ್ನೂ ಕರೆತರಲೇ ಎಂದು ಮೇಡಂ ಅವರನ್ನು ಕೇಳಿದ್ದೇನೆ. 'ಇರೋದು ಒಂದೇ ಸ್ಟೂಲು, ದಿನ ಬಿಟ್ಟು ದಿನ ಬನ್ನಿ' ಎಂದಿದ್ದಾರೆ.

– ದ್ವಿತೀಯ ಪಿಯು ವಿದ್ಯಾರ್ಥಿನಿ, ಸಾಲಗಾಮೆ ರಸ್ತೆ, ಹಾಸನ