ಗೆಳೆಯನಿಗೊಂದು ಪತ್ರ: ವಿಲಿಯಂ ಪೆನ್‌ನ ವಾದ

ಪ್ರಿಯ ಮಿತ್ರ,

ಹಲವು ಮತಗಳಿರುವ ದೇಶ ಒಗ್ಗಟ್ಟಾಗಿ ಉಳಿಯುವುದು ಹೇಗೆ ಎಂದು ಕೇಳಿದ್ದೆ. ಹದಿನೇಳನೆಯ ಶತಮಾನದ ಇಂಗ್ಲೆಂಡಿನಲ್ಲಿ ರಾಜ್ಯದ ಚರ್ಚಿನಿಂದ ಹೊರಗಿದ್ದ ಕ್ರೈಸ್ತ ಪಂಗಡವಾದ ಕ್ವೇಕರರು ಇದಕ್ಕೆ ಕೊಟ್ಟ ಉತ್ತರ ನನಗೆ ಇಂದಿಗೂ ಬಲವಾದದ್ದೆಂದೇ ತೋರುತ್ತದೆ.

1670ರ ಕಾಯ್ದೆಯಂತೆ, ಮನೆಯವರನ್ನು ಬಿಟ್ಟು ಐದು ಜನ ರಾಜ್ಯದ ಚರ್ಚಿನ ವಿಧಿಯನ್ನು ಅನುಸರಿಸದೆ ಪ್ರಾರ್ಥನೆಗೆ ಸೇರಿದರೂ ದಂಡ ತೆರಬೇಕಿತ್ತು. ತೆರದವರ ಸಾಮಾನು ಜಪ್ತಿಯಾಗುತ್ತಿತ್ತು, ವಸೂಲಾದ ಹಣದ ಮೂರನೆಯ ಒಂದು ಪಾಲು ಸುಳಿವು ಕೊಟ್ಟವರ ಕೈಸೇರುತ್ತಿತ್ತು. ನೆರೆಯವರ ಮೇಲೆ ಚಾಡಿ ಹೇಳುವುದೇ ಸಂಪಾದನೆಯ ದಾರಿಯಾದ ಊರಿನಲ್ಲಿ ಸೌಹಾರ್ದ ಹೇಗೆ ಉಳಿದೀತು?

ಅದೇ ವರ್ಷ ಲಂಡನ್ನಿನಲ್ಲಿ ಸೈನಿಕರು ಕ್ವೇಕರರ ಸಭಾಮಂದಿರಕ್ಕೆ ಬೀಗ ಹಾಕಿದ್ದರಿಂದ ಕ್ವೇಕರ್ ಮುಂದಾಳು ವಿಲಿಯಂ ಪೆನ್ ಗ್ರೇಸ್‌ಚರ್ಚ್ ಬೀದಿಯಲ್ಲೇ ಪ್ರವಚನ ನೀಡಿದ. ಗಲಭೆಯ ಆರೋಪದ ಮೇಲೆ ಆತನನ್ನೂ ಜೊತೆಗಾರ ವಿಲಿಯಂ ಮೀಡ್‌ನನ್ನೂ ವಿಚಾರಣೆಗೆ ಗುರಿಪಡಿಸಿದಾಗ, ತೀರ್ಪುಗಾರರನ್ನು, ಅಂದರೆ ತೀರ್ಪು ಹೇಳಲು ಕರೆಸಿದ ಸಾಮಾನ್ಯ ನಾಗರಿಕರ ಜ್ಯೂರಿಯನ್ನು, ಅನ್ನ, ನೀರು, ಬೆಂಕಿ ಯಾವುದನ್ನೂ ಕೊಡದೆ ಕೂಡಿಹಾಕಿದರೂ ಅವರು ಆರೋಪಿಗಳನ್ನು ತಪ್ಪಿತಸ್ಥರೆನ್ನಲು ಒಪ್ಪಲಿಲ್ಲ. ಅದಕ್ಕಾಗಿ ಆ ತೀರ್ಪುಗಾರರಿಗೇ ತಲಾ ನಲವತ್ತು ಮಾರ್ಕ್ (ಆಗಿನ ಹಣದ ಲೆಕ್ಕ) ದಂಡ ಬಿತ್ತು. ದಂಡ ಕಟ್ಟಲೊಪ್ಪದೆ ಜೈಲಿನಲ್ಲಿದ್ದ, ಅವರಲ್ಲೊಬ್ಬನಾದ ಎಡ್ವರ್ಡ್ ಬುಷೆಲ್‌ನ ಮೊರೆಯನ್ನು ಆಲಿಸಿದ ಮುಖ್ಯ ನ್ಯಾಯಾಧೀಶ ವಾನ್, ತೀರ್ಪಿಗಾಗಿ ತೀರ್ಪುಗಾರರನ್ನು ಶಿಕ್ಷಿಸುವಂತಿಲ್ಲ ಎಂದು ನಿರ್ಣಯಿಸಿದ.

ಐದು ವರ್ಷಗಳ ಬಳಿಕ ಪೆನ್ ದೇಶದ ಹಿತವನ್ನೇ ಮುಂದಿಟ್ಟುಕೊಂಡು ಬರೆದ ಪುಸ್ತಕದಲ್ಲಿ ದಯೆಯ ಬೇಡಿಕೆಗಿಂತ ಹಕ್ಕಿನ ಮಾತೇ ಮೊದಲು ಬರುತ್ತದೆ. ಇಂಗ್ಲೆಂಡಿನವನ ಜೀವ, ಸ್ವಾತಂತ್ರ್ಯ, ಆಸ್ತಿಗಳ ಮೇಲಿನ ಹಕ್ಕು ಆ ನೆಲದ ಹಳೆಯ ಕಾನೂನಿನಿಂದ ಬಂದದ್ದು, ಆತ ಯಾವ ಚರ್ಚಿಗೆ ಹೋಗುತ್ತಾನೆಂಬುದರಿಂದ ಬಂದದ್ದಲ್ಲ, ಆದ್ದರಿಂದ ಚರ್ಚಿನ ಕಾರಣಕ್ಕೆ ಅದನ್ನು ಕಸಿಯುವುದು ರಾಜ್ಯವು ತನ್ನ ಬುಡಕ್ಕೆ ತಾನೇ ಕೊಡಲಿ ಹಾಕಿಕೊಂಡಂತೆ ಎಂಬುದು ವಾದದ ಸಾರ. ಇನ್ನು ರಾಜಕೀಯದ ಮಾತು: ದೊರೆ ಒಂದೇ ಪಂಗಡಕ್ಕೆ ಒಲಿದರೆ ಉಳಿದವರೆಲ್ಲ ಅತೃಪ್ತರಾಗುತ್ತಾರೆ, ಎಲ್ಲರನ್ನೂ ಸಮನಾಗಿ ಕಂಡರೆ ಎಲ್ಲರಿಗೂ ಆತನ ಆಳ್ವಿಕೆ ಉಳಿಯಬೇಕೆನಿಸುತ್ತದೆ. ಬಲವಂತದಿಂದ ಕಪಟಿಗಳು ಹುಟ್ಟುತ್ತಾರೆಯೇ ಹೊರತು ಭಕ್ತರಲ್ಲ. ಸಹಿಷ್ಣುತೆಯಿಂದ ವ್ಯಾಪಾರ ಬೆಳೆಸಿಕೊಂಡ ಹಾಲೆಂಡಿನ ನಿದರ್ಶನವೂ ಪೆನ್‌ನ ಬರಹಗಳಲ್ಲಿದೆ.

1689ರ ಸಹಿಷ್ಣುತಾ ಕಾಯ್ದೆ ಕ್ವೇಕರರಿಗೆ ಆರಾಧನೆಯ ಅವಕಾಶ ಕೊಟ್ಟಿತು, ಕ್ಯಾಥೊಲಿಕರನ್ನು ಹೊರಗಿಟ್ಟಿತು. ಪೆನ್ ಸ್ವತಃ, ಅಮೆರಿಕದಲ್ಲಿ ತಾನೇ ಸ್ಥಾಪಿಸಿದ ವಸಾಹತು ಪೆನ್ಸಿಲ್ವೇನಿಯಕ್ಕೆ 1701ರಲ್ಲಿ ನೀಡಿದ ಸನ್ನದು ಒಬ್ಬ ಸರ್ವಶಕ್ತ ದೇವರನ್ನು ಒಪ್ಪುವವರಿಗೆಲ್ಲ ಆತ್ಮಸಾಕ್ಷಿಯ ಸ್ವಾತಂತ್ರ್ಯ ಕೊಟ್ಟರೂ, ಸರ್ಕಾರಿ ಹುದ್ದೆಯನ್ನು ಯೇಸುಕ್ರಿಸ್ತನನ್ನು ನಂಬುವವರಿಗಷ್ಟೇ ಮೀಸಲಿಟ್ಟಿತು. ಇದು ನನ್ನನ್ನು ನೋಯಿಸುತ್ತದೆ, ಏಕೆಂದರೆ ಹಕ್ಕು ನಂಬಿಕೆಯಿಂದ ಬಂದದ್ದಲ್ಲ ಎಂಬ ಪೆನ್‌ನ ಮಾತನ್ನು ಪೂರ್ತಿ ಒಪ್ಪಿದರೆ ಈ ಷರತ್ತಿಗೆ ಆಧಾರವೇ ಉಳಿಯುವುದಿಲ್ಲ.

ಇಂತಿ,
ನಿನ್ನ ಗೆಳೆಯ