ಉದಯಪುರದ ಕೆರೆ ಏರಿಗಳು: ಚನ್ನಗಿರಿಯ ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯಾ,

ಉದಯಪುರದ ಫೋಟೋ ಎಲ್ಲಿ ಅಂತ ಕೇಳುತ್ತಲೇ ಇದ್ದೀಯ. ಅರಮನೆ ಫೋಟೋ ಬೇಕಿದ್ದರೆ ನೆಟ್‌ನಲ್ಲಿ ರಾಶಿ ಬಿದ್ದಿವೆ, ನೋಡಿಕೋ. ನಾನು ತೆಗೆದದ್ದೆಲ್ಲ ಏರಿ, ಗೇಟು, ಕಾಲುವೆ. ಮನೆಯಲ್ಲಿ ಇನ್ನೂ ನಗುತ್ತಿದ್ದಾರೆ. ನೀನು ನಗಲಾರೆ. ನಿಮ್ಮೂರ ಪಕ್ಕದ ಆ ದೊಡ್ಡ ಸೂಳೆಕೆರೆ ನೋಡಿಕೊಂಡು ಬೆಳೆದವನು ನೀನು.

ಶನಿವಾರ ಬೆಳಕು ಹರಿಯುವ ಮೊದಲೇ ಅಹಮದಾಬಾದ್ ಬಿಟ್ಟೆವು. 260 ಕಿಲೋಮೀಟರ್ ಆಸುಪಾಸು ಆಗುತ್ತದೆ, ಹೆದ್ದಾರಿ 48. ನಿಮ್ಮ ದಾವಣಗೆರೆ ಪಕ್ಕ ಹಾದು ಹೋಗುವುದೂ ಇದೇ 48, ಗೊತ್ತಲ್ವಾ? ಹಿಮ್ಮತ್‌ನಗರದವರೆಗೆ ಹೇಳುವಂಥದ್ದೇನೂ ಇಲ್ಲ. ಶಾಮಲಾಜಿ ಬಂದ ಮೇಲೆ ಗುಡ್ಡಗಳು ಶುರು. ರತನ್‌ಪುರದ ಗಡಿ ದಾಟುತ್ತಿದ್ದಂತೆ ಎದುರಾಗುವುದು ಸ್ವಾಗತದ ಕಮಾನಲ್ಲ, ಹೆಂಡದಂಗಡಿ! ಗುಜರಾತಿನಲ್ಲಿ ಪಾನನಿಷೇಧ ಇದೆಯಲ್ಲ, ಅದರ ಪುಣ್ಯ. ಮುಂದೆ ಋಷಭದೇವ ಅಂತ ಊರು. ಜೈನರ ದೊಡ್ಡ ಯಾತ್ರಾಸ್ಥಳ. ರಸ್ತೆಯುದ್ದಕ್ಕೂ ಹಸಿರು ಮಾರ್ಬಲ್ ಚಪ್ಪಡಿಗಳನ್ನು ನಿಲ್ಲಿಸಿದ್ದಾರೆ. ಮನೆ ಕಟ್ಟಿಸುತ್ತಿರುವ ನಿನ್ನ ನೆನಪಾಯಿತು, ಆದರೆ ಡಿಕ್ಕಿಯಲ್ಲಿ ಜಾಗ ಇರಲಿಲ್ಲ.

ನಾವು ಉಳಿದ ಹೋಟೆಲಿನ ಬಗ್ಗೆ ಹೇಳದಿರುವುದೇ ವಾಸಿ. ಕೋಣೆಯಿಂದ ಕೆರೆ ಕಾಣುತ್ತದೆ ಅಂದಿದ್ದರು. ಕಂಡಿತು, ಸ್ನಾನದ ಮನೆಯ ಗವಾಕ್ಷಿಯಿಂದ.

ಈಗ ವಿಷಯಕ್ಕೆ ಬರುತ್ತೇನೆ. ಉದಯಪುರವನ್ನು ಸರೋವರಗಳ ನಗರ ಅಂತಾರಲ್ಲ, ಅವು ತಾವಾಗಿ ಆದ ಸರೋವರಗಳಲ್ಲ ಮಾರಾಯ. ಎಲ್ಲ ಕಟ್ಟಿದ್ದು. ಗುಡ್ಡಗಳ ನಡುವೆ ಒಡ್ಡು ಹಾಕಿ ನೀರು ನಿಲ್ಲಿಸಿದ್ದು. ಪಿಚೋಲಾ ಕೆರೆಯನ್ನು 1362ರಲ್ಲಿ ಒಬ್ಬ ಬಂಜಾರ ಕಟ್ಟಿಸಿದ ಅಂತ ಹೇಳುತ್ತಾರೆ. ರಾಜನಲ್ಲ, ಎತ್ತುಗಳ ಮೇಲೆ ದವಸ ಹೇರಿಕೊಂಡು ಊರೂರು ತಿರುಗುವವನು! ಮಹಾರಾಣಾ ಎರಡನೇ ಉದಯಸಿಂಗ್ ಇಲ್ಲಿ ಊರು ಕಟ್ಟಲು ಶುರು ಮಾಡಿದ್ದು 1559ರಲ್ಲಿ. ಅಂದರೆ ಊರಿಗಿಂತ ಕೆರೆಯೇ ಸುಮಾರು 200 ವರ್ಷ ಹಿರಿಯದು. ಕೆರೆ ಮಧ್ಯದಲ್ಲಿ ಬೆಳ್ಳಗೆ ಹೊಳೆಯುತ್ತದಲ್ಲ, ಈಗ ಹೋಟೆಲಾಗಿರುವ ಆ ಅರಮನೆ, ಅದಂತೂ ತೀರಾ ಈಚಿನದು, 1740ರ ದಶಕದ್ದು. ನೋಡುವವರ ಕಣ್ಣೆಲ್ಲ ಅದರ ಮೇಲೆ. ಏರಿ ಮೇಲೆ ನಿಂತೇ ಅದರ ಫೋಟೋ ತೆಗೆಯುತ್ತಾರೆ, ಕಾಲ ಕೆಳಗಿನ ಏರಿಯನ್ನು ಯಾರೂ ನೋಡುವುದಿಲ್ಲ.

ಕೆರೆಗಳು ಒಂದಕ್ಕೊಂದು ಕೂಡಿಕೊಂಡಿವೆ. ಪಿಚೋಲಾ ನೀರು ಸ್ವರೂಪ್ ಸಾಗರಕ್ಕೆ ಬರುತ್ತದೆ, ಅಲ್ಲಿಂದ ಕಾಲುವೆಯಲ್ಲಿ ಫತೇ ಸಾಗರಕ್ಕೆ. ತುಂಬಿ ಹೆಚ್ಚಾದರೆ ಗೇಟು ಎತ್ತಿ ಆಯಡ್ ನದಿಗೆ ಬಿಡುತ್ತಾರೆ. ಅದು ಹೋಗಿ ಉದಯ ಸಾಗರ ಸೇರುತ್ತದೆ, ಅದೂ ಉದಯಸಿಂಗ್ ಕಟ್ಟಿಸಿದ್ದೇ. ಅಲ್ಲಿಂದ ಬೇಡಚ್, ಬನಾಸ್, ಚಂಬಲ್, ಯಮುನೆ. ಅರಬ್ಬೀ ಸಮುದ್ರಕ್ಕೆ ಇಷ್ಟು ಹತ್ತಿರ ಇದ್ದುಕೊಂಡು ಈ ನೀರು ಬಂಗಾಳ ಕೊಲ್ಲಿವರೆಗೆ ನಡೆಯುತ್ತದೆ. ನಿಮ್ಮ ಸೂಳೆಕೆರೆ ನೀರೂ ಹರಿದ್ರಾ, ತುಂಗಭದ್ರಾ, ಕೃಷ್ಣಾ ಅಂತ ಅಲ್ಲಿಗೇ ಹೋಗುವುದು.

ನಾವು ಹೋದಾಗ ಮಳೆ ಚೆನ್ನಾಗಿ ಆಗಿತ್ತು, ಗೇಟು ತೆಗೆದಿದ್ದರು. ಅರ್ಧ ಊರೇ ಅಲ್ಲಿತ್ತು. ಅಜ್ಜಿಯರು, ಮಕ್ಕಳು, ಸುಟ್ಟ ಜೋಳದ ಗಾಡಿಗಳು. ನಮ್ಮಲ್ಲಿ ಕೆರೆ ಕೋಡಿ ಬಿದ್ದಾಗ ಬಾಗಿನ ಬಿಡಲು ಸೇರುತ್ತಾರಲ್ಲ, ಹಾಗೇ. ಯಾಕೆ ಇಷ್ಟು ಸಂಭ್ರಮ ಅಂತ ಅಲ್ಲಿದ್ದ ಒಬ್ಬ ಹಿರಿಯರನ್ನು ಕೇಳಿದೆ. "ಒಣಗಿದ್ದನ್ನೂ ನೋಡಿದ್ದೇವಲ್ಲ" ಅಂದರು. ನಿಜ. 2000ದ ನಂತರದ ಬರಗಾಲದಲ್ಲಿ ಪಿಚೋಲಾದ ತಳ ಕಂಡಿತ್ತು. ದೋಣಿಯಲ್ಲಿ ಹೋಗಬೇಕಾದ ಅರಮನೆಗೆ ನೆಲದ ಮೇಲೇ ಹೋಗುವಂತಾಗಿತ್ತು.

ಫತೇ ಸಾಗರದ ಏರಿಯನ್ನು ಅಲ್ಲಿಯವರು ಪಾಲ್ ಅಂತಾರೆ. ಸಂಜೆ ಅಲ್ಲಿ ಸುಮ್ನೆ ಕೂರಬೇಕು. 17ನೇ ಶತಮಾನದಲ್ಲಿ ಇಲ್ಲಿನ ಮಹಾರಾಣಾ ಜೈಸಿಂಗ್ ಹಾಕಿಸಿದ ಒಡ್ಡು ಪ್ರವಾಹದಲ್ಲಿ ಕೊಚ್ಚಿಹೋಗಿ, 200 ವರ್ಷದ ಮೇಲೆ ಮಹಾರಾಣಾ ಫತೇಸಿಂಗ್ ಮತ್ತೆ ಕಟ್ಟಿಸಿದ್ದು. ನೀರಿನ ನಡುವಿನ ದ್ವೀಪದಲ್ಲಿ ಸೂರ್ಯನನ್ನು ನೋಡುವ ವೀಕ್ಷಣಾಲಯ ಇದೆ, ನಮ್ಮ ಅಹಮದಾಬಾದಿನ ಭೌತ ಸಂಶೋಧನಾ ಪ್ರಯೋಗಾಲಯದ್ದು. ಮಗಳು ಕೇಳಿದಳು, ನೀರಿನ ಮಧ್ಯೆ ಯಾಕೆ ಅಂತ. ಬಿಸಿಲಿಗೆ ನೆಲ ಬೇಗ ಕಾಯುತ್ತದೆ, ಮೇಲಿನ ಗಾಳಿ ನಡುಗುತ್ತದೆ, ಆಗ ಸೂರ್ಯನ ಚಿತ್ರವೂ ನಡುಗುತ್ತದೆ. ನೀರು ಅಷ್ಟು ಬೇಗ ಕಾಯುವುದಿಲ್ಲ, ಹಾಗಾಗಿ ಚಿತ್ರ ನಿಚ್ಚಳ. ಬಂಜಾರನೂ ರಾಣರೂ ಇದನ್ನು ಕನಸಲ್ಲೂ ಎಣಿಸಿರಲಿಕ್ಕಿಲ್ಲ.

ಹಳೇ ಊರಿನೊಳಗೆ ಮಾತ್ರ ಕಾರು ತರಬೇಡ. ಓಣಿಗಳು ಆಟೋಗೇ ಸಾಲದು. ಹೊರಗೆ ನಿಲ್ಲಿಸಿ ನಡೆ. ಸಂಜೆ ಬಾಗೋರ್ ಕಿ ಹವೇಲಿಯಲ್ಲಿ ಕುಣಿತ ಇರುತ್ತದೆ, ತಪ್ಪಿಸಬೇಡ. ಹೆಂಗಸೊಬ್ಬರು ತಲೆ ಮೇಲೆ ಕೊಡದ ಮೇಲೆ ಕೊಡ ಏರಿಸಿಕೊಂಡು ಗಾಜಿನ ಚೂರಿನ ಮೇಲೆ ಕುಣಿದರು. ದಾಲ್ ಬಾಟಿ ತಿನ್ನು, ಆದರೆ ತುಪ್ಪ ಸುರಿಯುವವರಿಗೆ ಸಾಕು ಅಂತ ಜೋರಾಗಿ ಹೇಳಬೇಕು.

ಭಾನುವಾರ ಬಂದ ದಾರಿಯಲ್ಲಿ ವಾಪಸ್ ಹೋಗದೆ ಜೈಸಮಂದ್ ಕೆರೆ ಕಡೆ ತಿರುಗಿದೆವು. ಉದಯಪುರದಿಂದ 50 ಕಿಲೋಮೀಟರ್ ಆಸುಪಾಸು ಇದೆ. 1685ರಲ್ಲಿ ಅದೇ ಜೈಸಿಂಗ್ ಗೋಮತಿ ನದಿಗೆ ಅಡ್ಡ ಕಟ್ಟಿಸಿದ್ದು. ಎರಡು ಗುಡ್ಡದ ಸಂದಿಯಲ್ಲಿ ಒಂದೇ ಒಡ್ಡು, ಹಿಂದೆ ಕಣ್ಣು ಹಾಯುವಷ್ಟೂ ನೀರು. ಸೂಳೆಕೆರೆಯ ಲೆಕ್ಕಾಚಾರವೇ. ವ್ಯತ್ಯಾಸ ಅಂದರೆ ಇಲ್ಲಿ ಏರಿಗೆ ಅಮೃತಶಿಲೆಯ ಮೆಟ್ಟಿಲು, ಮೇಲೆ ಕಲ್ಲಿನ ಆನೆಗಳು, ಒಂದು ಶಿವನ ಗುಡಿ. ನನ್ನನ್ನು ಕೇಳಿದರೆ ಪಿಚೋಲಾಕ್ಕಿಂತ ಇದೇ ಒಂದು ಕೈ ಮೇಲು, ಜನ ಕಮ್ಮಿ ಬರುತ್ತಾರೆ ಅಷ್ಟೇ. ಅಲ್ಲಿಂದ ಸಲೂಂಬರ್, ಡೂಂಗರ್‌ಪುರ ಮೇಲೆ ಬಂದರೆ ಮತ್ತೆ ಹೆದ್ದಾರಿ ಸಿಗುತ್ತದೆ.

ಬರುವುದಾದರೆ ಆಗಸ್ಟ್ ಕೊನೆಗೆ ಬಾ. ಡಿಸೆಂಬರ್‌ನಲ್ಲಿ ಚಳಿ ಚೆನ್ನಾಗಿರುತ್ತದೆ, ಆದರೆ ಗೇಟು ಮುಚ್ಚಿರುತ್ತದೆ, ಜನವೂ ಜಾಸ್ತಿ. ಅಮ್ಮನ್ನೂ ಕರೆದುಕೊಂಡು ಬಾ, ಜಗದೀಶ ದೇವಸ್ಥಾನದ ಮೆಟ್ಟಿಲು ಕಡಿದಾಗಿವೆ, ನಿಧಾನಕ್ಕೆ ಹತ್ತಿಸೋಣ. ರಜೆ ಯಾವತ್ತು ಸಿಗುತ್ತದೆ ಅಂತ ತಿಳಿಸು, ಹೋಟೆಲ್ ಈ ಸಲ ನೀನೇ ಬುಕ್ ಮಾಡು.

ನಿನ್ನ ಗೆಳೆಯ